ಗವರ್ನರ್ ಸಾಹೇಬರ ಚೆಂಡುಹೂವಿನ ಮಾಲೆ

ಹುಟ್ಟು-ಸಾವಿನ ಇಸವಿ ತೆಗೆಸಿದರೆ ಅಕ್ಷರ ದೊಡ್ಡದಾಗುತ್ತದೆ ಎಂದು ಫ್ಲೆಕ್ಸ್ ಅಂಗಡಿಯವನು ಹೇಳಿದಾಗ ಪ್ರಭುರಾಜ ತಲೆಯಾಡಿಸಿದ್ದೇ ತಪ್ಪು.

ದೇವದುರ್ಗದ ಖಾಸಗಿ ಕಾಲೇಜೊಂದರಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ವರ್ಷಗಳೇ ಕಳೆದಿದ್ದವು. ಮನೆಯವನಾಗುವ ಯೋಗ ಬಂದಿರಲಿಲ್ಲ. ಇಂದು ಮಾನ್ವಿಯಿಂದ ಕಾಲೇಜಿನ ಕಾರ್ಯದರ್ಶಿ ಶರಣಯ್ಯನವರು ಬರುವವರಿದ್ದರು. ಅವರೆದುರು ಭಾಷಣ ರಂಗೇರಿದರೆ ನೌಕರಿ ಖಾಯಂ ಎಂದು ಅವರೇ ಮಾತು ಕೊಟ್ಟಿದ್ದರು. ಅವರು ಕೇಳದೇ ಬಿಟ್ಟಿದ್ದ ವಿಷಯ, ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಸೈನ್ಯದಲ್ಲಿ ಕಾದಾಡಿ, ಆಮೇಲೆ ಒಂದು ರಾಜ್ಯದ ಗವರ್ನರ್ ಆದ ಸಾಹೇಬರೊಬ್ಬರ ಜೀವನ.

ರಾಯಚೂರಿನಿಂದ ಹೊರಟ ಬಸ್ಸಿನಲ್ಲಿ ಫ್ಲೆಕ್ಸ್ ಮಡಿಲಲ್ಲೇ ಬಿಚ್ಚಿಕೊಂಡಿತು. ಪಕ್ಕದ ಸೀಟಿನಲ್ಲಿದ್ದ ಬಾಲಮ್ಮ ಎಂಬ ಮುದುಕಿ ಅದರಲ್ಲಿದ್ದ ಸಾಹೇಬರ ಚಿತ್ರದ ಕಡೆ ಕತ್ತು ಚಾಚಿದಳು.

“ಯಪ್ಪಾ, ಇದು ಗಂಡೋ ಹೆಣ್ಣೋ?”

“ಗಂಡಸ್ರು ಯವ್ವಾ. ಮಿಲಿಟರಿ ಸಾಹೇಬ್ರು. ತಲಿ ಮ್ಯಾಲಿಂದು ಸುಳ್ಳು ಕೂದಲ. ಅದಕ್ಕ ಹಿಟ್ಟು ಉದುರಿಸ್ತಿದ್ರು.”

“ಹಿಟ್ಟಾ? ಜ್ವಾಳದ್ದೋ ಗೋಧಿದೋ?”

ಪ್ರಭುರಾಜನಿಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಇನ್ನೊಂದು ತಲೆ ತೂರಿ ಬಂತು. “ಬಂದೂಕು ಹಿಡಿದು ಅಡ್ಡಾಡಿದಾತ. ಗವರ್ನರ್ ಆಗಿ ಗಾದಿ ಮ್ಯಾಲ ಕುಂತ್ರ ನಿದ್ದಿ ಹತ್ತತಿತ್ತೇನ್ರೀ?”

ಅವನಿಗೂ ಅದೇ ಹುಳ ತಲೆಗೆ ಹೊಕ್ಕಿತು. ಯುದ್ಧಗಳನ್ನೆಲ್ಲ ಬಾಯಿಪಾಠ ಮಾಡಿದ್ದನೇ ಹೊರತು ಆ ಮನುಷ್ಯನ ನಿದ್ದೆಯ ಬಗ್ಗೆ ಯೋಚಿಸಿರಲಿಲ್ಲ. ಭಾಷಣವನ್ನು ಈ ಪ್ರಶ್ನೆಯಿಂದಲೇ ಶುರು ಮಾಡಬೇಕೆಂದುಕೊಂಡು ಖುಷಿಯಾದ.

ಕಾಲೇಜಿನ ಸಭಾಂಗಣದಲ್ಲಿ ಜವಾನ ಸೂಗಪ್ಪ ಫ್ಲೆಕ್ಸ್ ಕಟ್ಟಿದ. ಅವನದೂ ಖಾಯಂ ನೌಕರಿಯಲ್ಲ. ಪ್ರಭುರಾಜ ಮುಖ ತೊಳೆದು ಬರುವಷ್ಟರಲ್ಲಿ ಸಾಹೇಬರ ಕೊರಳಿಗೆ ಚೆಂಡುಹೂವಿನ ದಪ್ಪ ಮಾಲೆ ಬಿದ್ದಿತ್ತು, ಹಣೆಗೆ ಕುಂಕುಮ, ಎದುರಿಗೆ ಊದಿನಕಡ್ಡಿ.

“ಇದ್ಯಾಕೋ ಸೂಗಪ್ಪ?”

“ಮಾಲಿ ಇಲ್ಲದ ಫೋಟೋ ಬೋಳು ಕಾಣ್ತದ್ರೀ ಸರ್. ಸತ್ತಾರಲ್ರೀ ಇವ್ರು?”

“ಸತ್ತು ಇನ್ನೂರು ವರ್ಷ ಆತು!”

“ಹಂಗಾದ್ರ ನಾವು ಮಾಲಿ ಹಾಕೋದು ತಡ ಆಗ್ಯಾದ ಬಿಡ್ರಿ.”

ತೆಗೆಸಬೇಕು ಎನ್ನುವಷ್ಟರಲ್ಲಿ ಶರಣಯ್ಯನವರ ಕಾರು ಬಂದೇಬಿಟ್ಟಿತು. ಅವರಿಗೆ ಗೊತ್ತಿಲ್ಲದ ದೊಡ್ಡ ಮನುಷ್ಯರೇ ಲೋಕದಲ್ಲಿಲ್ಲ ಎಂಬುದು ಅವರದೇ ಅಭಿಪ್ರಾಯ. ಕನ್ನಡಕ ಮಾನ್ವಿಯಲ್ಲೇ ಮರೆತಿದ್ದರು. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರು. ದೂರದಿಂದ ಕಂಡದ್ದು ಮಾಲೆ, ಊದಿನಕಡ್ಡಿಯ ಹೊಗೆ, ‘ಗವರ್ನರ್’ ಎಂಬ ದಪ್ಪ ಅಕ್ಷರ.

ಚಪ್ಪಲಿ ಕಳಚಿ ನೇರ ಮೈಕಿಗೆ ಹೋದರು.

“ನಮ್ಮ ರಾಜ್ಯದ ಗವರ್ನರ್ ಸಾಹೇಬ್ರು ಹ್ವಾದ್ರು!” ದನಿ ಗದ್ಗದವಾಯಿತು. “ನಂಗೂ ಅವ್ರಿಗೂ ಹಳೇ ದೋಸ್ತಿ. ನಮ್ಮ ಮನ್ಯಾಗ ಚಹಾ ಕುಡಿದು, ಹಿಂತಾ ಚಹಾ ಎಲ್ಲೂ ಕುಡಿದಿಲ್ಲ ಶರಣಯ್ಯ ಅಂದಿದ್ರು...”

ಪ್ರಭುರಾಜ ದಡಬಡ ಎದ್ದ. “ಸರ್, ಅವ್ರು ಅಂದ್ರ...”

“ಕುಂದರ್ರಿ ಪ್ರಭುರಾಜ. ನಿಮಗೂ ದುಃಖ ಆಗ್ಯಾದ, ಗೊತ್ತದ.”

ಅವನು ಕುಳಿತ. ಬಾಯಲ್ಲಿ ಬಿಸಿ ತುಪ್ಪ. ನಿಜ ಹೇಳಿದರೆ ಇಡೀ ಕಾಲೇಜಿನ ಎದುರು ಕಾರ್ಯದರ್ಶಿಯ ಮಾನ ಹೋಗುತ್ತದೆ, ಅದರ ಹಿಂದೆಯೇ ತನ್ನ ನೌಕರಿ. ಸುಮ್ಮನಿದ್ದರೆ ಭಾಷಣ ಹೋಯಿತು. ನಿದ್ದೆಯ ಪ್ರಶ್ನೆ ಗಂಟಲಲ್ಲೇ ಉಳಿದು ಅವನಿಗೆ ಅಳುವೇ ಬಂತು. ಅದನ್ನು ಕಂಡ ಶರಣಯ್ಯನವರು ಇನ್ನಷ್ಟು ಅತ್ತರು.

ಮೌನಾಚರಣೆಯಾಯಿತು. ಬಳಿಕ ರಜೆ ಘೋಷಿಸಿದರು. ದುಃಖದಲ್ಲಿದ್ದ ಹುಡುಗರು ಸಿಳ್ಳೆ ಹಾಕುತ್ತ ಹೊರಬಿದ್ದರು.

“ಭಾಷಣ ಇನ್ನೊಮ್ಮಿ ನೋಡೋಣ,” ಎಂದರು ಶರಣಯ್ಯ. “ಅಲ್ರೀ, ಸುದ್ದಿ ನನಗ ಮುಟ್ಟೋಕಿಂತ ಮೊದಲೇ ಇಷ್ಟು ಭಕ್ತಿಲೆ ಮಾಲಿ ಹಾಕಿ ತಯಾರು ಮಾಡಿದವ್ರು ಯಾರು?”

ಪ್ರಭುರಾಜ ಒಂದು ಹೆಜ್ಜೆ ಮುಂದಿಟ್ಟ. ಫ್ಲೆಕ್ಸ್ ತನ್ನದೇ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೂಗಪ್ಪ ಮುಂದೆ ಬಂದ.

“ಮಾಲಿ ನಂದ್ರೀ ಯಪ್ಪಾ.”

“ಶಾಭಾಷ್! ಇಂಥಾ ಮನುಷ್ಯಾನ ಹಂಗಾಮಿ ಇಡೋದು ತಪ್ಪು. ಇವತ್ತಿನಿಂದ ನೀ ಖಾಯಂ. ಪ್ರಭುರಾಜ, ಇವನ ಆರ್ಡರ್ ನೀವೇ ಬರೀರಿ. ನಿಮ್ಮ ಅಕ್ಷರ ಛಲೋ ಅವ.”

ಕಾರು ಹೊರಟಿತು. ಸೂಗಪ್ಪನ ಕಣ್ಣು ತುಂಬಿತ್ತು. ಸಾಹೇಬರ ಕೊರಳಿನ ಮಾಲೆ ಬಿಚ್ಚಿ ತಂದು, ಆರ್ಡರ್ ಬರೆಯುತ್ತಿದ್ದ ಪ್ರಭುರಾಜನ ಕೊರಳಿಗೆ ಹಾಕಿದ.

“ಎಲ್ಲಾ ನಿಮ್ಮ ಪುಣ್ಯ ಸರ್,” ಎಂದು ಕೈಮುಗಿದು, ಉಳಿದಿದ್ದ ಊದಿನಕಡ್ಡಿಯನ್ನೂ ಅವನ ಮೇಜಿನ ಮೇಲೆ ಸಿಕ್ಕಿಸಿದ.