ಕತ್ತರಿಸಿಹೋದ ಮೂರು ಮಿಲಿಮೀಟರ್ ಒಸಡಿನ ಕುರಿತು

ಮಾನ್ಯ ಮುಖ್ಯ ವೈದ್ಯರಾದ ತಾಕ್ ಅವರೇ,

ದೇಗು ನಗರದ ಸಮಸ್ತ ಹಲ್ಲುಗಳ ಪೋಷಕರೂ ಒಸಡುಗಳ ಪಾಲಿನ ಯಮರಾಯರೂ ಆದ ತಮ್ಮ ಸನ್ನಿಧಿಗೆ, ಪೇಟೆಯ ಉತ್ತರ ಬಾಗಿಲ ಬಳಿ ಮೂವತ್ತೊಂದು ವರ್ಷದಿಂದ ಕಲ್‌ಗುಕ್ಸು ಶಾವಿಗೆ ಕೊಯ್ದು, ಕುದಿಸಿ, ಬಡಿಸುತ್ತಿರುವ ಮಾ ಸುನಿಮ್ ಎಂಬ ಹೆಂಗಸು ಸೊಂಟ ಬಾಗಿಸಿ ಮಾಡುವ ವಂದನೆಗಳು. ತಮಗೆ ನನ್ನ ಮುಖ ನೆನಪಿರಲಾರದು. ತಾವು ನೋಡಿದ್ದು ನನ್ನ ಮೇಲ್ದುಟಿಯ ಒಳಭಾಗವನ್ನಷ್ಟೇ, ಮತ್ತು ಈ ಅಹವಾಲು ಕೂಡ ಅದರದೇ.

ನಾನು ನಕ್ಕರೆ ಹಲ್ಲಿಗಿಂತ ಒಸಡೇ ಹೆಚ್ಚು ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಅದನ್ನು ಕುದುರೆಯ ನಗು ಎಂದು ಕರೆದಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ನಗುವುದನ್ನು ರೂಢಿ ಮಾಡಿಕೊಂಡಿದ್ದೆನಾದರೂ, ಅಂಗಡಿಯಲ್ಲಿ ಎರಡೂ ಕೈ ಹಿಟ್ಟಿನಲ್ಲಿ ಮುಳುಗಿರುವುದರಿಂದ ಇಡೀ ಪೇಟೆಗೆ ನನ್ನ ಒಸಡಿನ ದರ್ಶನ ಧಾರಾಳವಾಗಿ ಆಗಿದೆ. ಹೀಗಿರಲು ನನ್ನ ಒಬ್ಬಳೇ ಮಗಳು ಹೆರಾನ್‌ಳಿಗೆ ಪೊಹಾಂಗ್ ಕಡೆಯ ಹುಡುಗ ಒಪ್ಪಿಗೆಯಾಗಿ, ಎರಡೂ ಮನೆಯವರು ಎದುರುಬದುರು ಕೂತು ಉಣ್ಣುವ ದಿನ ಗೊತ್ತಾಯಿತು. ಆ ಊಟದಲ್ಲಿ ಎಡವಟ್ಟಾಗಿ ಮುರಿದುಬಿದ್ದ ಸಂಬಂಧಗಳು ನಮ್ಮ ಪೇಟೆಯಲ್ಲೇ ಮೂರಿವೆ. ಮಗಳು ಪಾತ್ರೆ ಒರೆಸುತ್ತಾ ನನ್ನತ್ತ ನೋಡದೆ, "ಅಮ್ಮಾ, ಅವತ್ತೊಂದು ದಿನ ಸ್ವಲ್ಪ ಕಮ್ಮಿ ನಗ್ತೀಯಾ?" ಎಂದಳು. ಕೇಳಿದ್ದು ಮೆಲ್ಲಗೇ, ಆದರೂ ನನಗೆ ಚುರುಕ್ಕೆಂದಿತು.

ಮಾರನೆಯ ದಿನವೇ ನಾನು ತಮ್ಮ ಚಿಕಿತ್ಸಾಲಯದ ಮೆತ್ತನೆಯ ಸೋಫಾದಲ್ಲಿ ಕೂತಿದ್ದೆ. ಗಿರಾಕಿಗಳೊಡನೆ ಮಾತಾಡಲೆಂದೇ ತಾವು ನೇಮಿಸಿರುವ ಆ ಜೇನುಬಾಯಿಯ ಹೆಣ್ಣುಮಗಳು ನನ್ನ ಕೈಗೆ ಕನ್ನಡಿ ಕೊಟ್ಟು, ಇದು ರೋಗವಲ್ಲ, ಬರೀ ಮೂರು ಮಿಲಿಮೀಟರ್ ಹೆಚ್ಚುವರಿ ಅಂಗಾಂಶವೆಂದು ಸಮಾಧಾನ ಹೇಳಿದರು. ಅರುವತ್ತೆರಡು ವರ್ಷ ನನ್ನೊಡನೆ ಉಂಡು ಮಲಗಿದ್ದು ಹೆಚ್ಚುವರಿಯೆಂದು ತಿಳಿಸಿಕೊಟ್ಟ ಅವರ ಜ್ಞಾನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಮೊದಲಿನ ಮತ್ತು ನಂತರದ ಫೋಟೋ ಬಳಸಲು ಸಹಿ ಬೇಕೆಂದರು. ಕಣ್ಣಿಗೆ ಕಪ್ಪು ಪಟ್ಟಿ ಹಾಕುತ್ತೇವೆ, ಹೆತ್ತ ತಾಯಿಗೂ ಗುರುತು ಸಿಗದು ಎಂದರು. ಸಹಿ ಹಾಕಿದೆ. ಆಮೇಲೆ ತಾವು ಲೇಸರ್ ಹಿಡಿದು ಬಂದು ನನ್ನ ಒಸಡನ್ನು ಎಷ್ಟು ನಾಜೂಕಾಗಿ ಸುಟ್ಟಿರೆಂದರೆ, ಆ ವಾಸನೆಗೆ ಬೆಳಗಿನಿಂದ ಉಪವಾಸವಿದ್ದ ನನ್ನ ಹೊಟ್ಟೆ ಗುರ್ರೆಂದಿತು.

ಒಂದು ವಾರ ಮೇಲ್ದುಟಿ ಎಳೆಯಬಾರದು, ಬಿಸಿ ಖಾರ ಮುಟ್ಟಬಾರದು ಎಂದು ತಾವು ಅಪ್ಪಣೆ ಕೊಟ್ಟಿರಿ. ಆದರೆ ಹುಡುಗನ ರಜೆಯ ಲೆಕ್ಕ ತಪ್ಪಿ ಬೀಗರ ಊಟ ಐದನೆಯ ದಿನಕ್ಕೇ ಬಂತು. ನಾನು ತುಟಿ ಹೊಲಿದವಳಂತೆ ಕೂತೆ. ರೈಲ್ವೆಯಲ್ಲಿದ್ದು ನಿವೃತ್ತರಾದ ಬೀಗರು ಒಂದಾದ ಮೇಲೊಂದು ತಮಾಷೆ ಹೇಳಿದರು, ನಾನು ಸಾವಿನ ಮನೆಗೆ ಬಂದವಳಂತೆ ತಲೆಯಾಡಿಸಿದೆ. ಬೀಗಿತ್ತಿ ತಮ್ಮ ಕೈಯಾರೆ ನನ್ನ ತಟ್ಟೆಗಿಟ್ಟ ಪಕ್ಕೆಲುಬಿನ ಮಾಂಸ ಹಾಗೇ ತಣ್ಣಗಾಯಿತು. ಒಸಡು ಕೊಯ್ಯಿಸಿಕೊಂಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಅದನ್ನು ಬಚ್ಚಿಡಲೆಂದೇ ಅಲ್ಲವೇ ಕೊಯ್ಯಿಸಿಕೊಂಡದ್ದು. ಊಟವಾದ ಮೂರನೆಯ ದಿನ ಪೊಹಾಂಗ್‌ನಿಂದ ಸುದ್ದಿ ಬಂತು: ಹುಡುಗಿಯ ತಾಯಿಗೆ ನಮ್ಮ ಮನೆ ಹಿಡಿಸಿದಂತಿಲ್ಲ, ಸ್ವಲ್ಪ ದಿನ ತಡೆಯೋಣ. ಹೆರಾನ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೆ ನಿಂತು, ಹೊಚ್ಚಹೊಸ ಒಸಡನ್ನು ನಾಲಿಗೆಯಲ್ಲಿ ಸವರುತ್ತಾ, ನನ್ನನ್ನೇ ಶಪಿಸಿಕೊಂಡೆ.

ಅದೇ ವಾರ ತಾವು ನನ್ನನ್ನು ಪೇಟೆಯ ಮೆಟ್ರೊ ನಿಲ್ದಾಣದ ಗೋಡೆಯಲ್ಲಿ ಬಾಗಿಲಷ್ಟೆತ್ತರಕ್ಕೆ ನಿಲ್ಲಿಸಿದಿರಿ. ಕಣ್ಣಿಗೆ ಪಟ್ಟಿಯೇನೋ ಇತ್ತು, ಆದರೆ ಸ್ವಾಮಿ, ನನ್ನನ್ನು ಕಣ್ಣಿನಿಂದ ಗುರುತಿಸುವವರು ಈ ಊರಲ್ಲಿ ಯಾರಿದ್ದಾರೆ? ಒಣಮೀನಿನ ಅಂಗಡಿಯವಳು ಮೊದಲ ರೈಲಿಗೇ ಇಳಿದು ಬಂದು ಅಭಿನಂದಿಸಿದಳು. ತರಕಾರಿಯವರು ಪಟಕ್ಕೆ ಬಗ್ಗಿ ನಮಸ್ಕರಿಸಿ ಮುಂದೆ ಹೋಗುತ್ತಿದ್ದಾರಂತೆ. 'ನಂತರ' ಎಂದು ಬರೆದ ಪಟದಲ್ಲಿರುವ ಹೆಂಗಸು ಯಾರೆಂದು ಮಾತ್ರ ಯಾರೂ ಹೇಳಲಿಲ್ಲ.

ಮಾತು ಮುರಿಯುವುದಾದರೆ ಮುಖ ನೋಡಿಯೇ ಮುರಿಯೋಣವೆಂದು ಹೊರಟ ಬೀಗಿತ್ತಿಯೂ ಅದೇ ನಿಲ್ದಾಣದಲ್ಲಿ ಇಳಿದರು. 'ಮೊದಲು' ಎಂದು ಬರೆದ ಪಟ ನೋಡಿ, ತಮ್ಮ ಭಾವೀ ಸೊಸೆಯ ನಗುವನ್ನು ಯಾರೋ ಮುದುಕಿಯ ಮುಖಕ್ಕೆ ಅಂಟಿಸಿದ್ದಾರೆಂದು ಸಿಟ್ಟಾಗಿ, ನೆಟ್ಟಗೆ ನನ್ನ ಅಂಗಡಿಗೆ ಬಂದು ಅದು ಯಾರೆಂದು ಕೇಳಿದರು. ನನ್ನ ಕೈ ಹಿಟ್ಟಿನಲ್ಲಿತ್ತು, ಮುಚ್ಚಿಕೊಳ್ಳಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ಟೂಲು ಎಳೆದುಕೊಂಡು ಕೂತು ಹೇಳಿದರು: "ನಮ್ಮ ಹುಡುಗ ಮನಸೋತಿದ್ದೇ ನಿಮ್ಮ ಮಗಳ ಆ ನಗೂಗೆ ಕಣ್ರೀ. ಅದು ಅವಳಿಗೆ ಯಾರಿಂದ ಬಂತು ಅಂತ ನೋಡೋಣ ಅಂತಾನೇ ಅವತ್ತು ನಮ್ಮನೆಯವರು ಅಷ್ಟೊಂದು ತಮಾಷೆ ಮಾಡಿದ್ದು." ಆಮೇಲೆ ಎರಡು ಬಟ್ಟಲು ಶಾವಿಗೆ ಉಂಡು, ಮದುವೆಗೆ ದಿನ ಗೊತ್ತುಮಾಡಿ ಹೋದರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಆ ಮೂರು ಮಿಲಿಮೀಟರನ್ನು ಎಲ್ಲಿ ಎಸೆದಿದ್ದರೂ ಹುಡುಕಿಸಿ, ತೊಳೆದು, ಮದುವೆಯ ಹಿಂದಿನ ದಿನದೊಳಗೆ ಇದ್ದಲ್ಲೇ ಕೂರಿಸಿಕೊಡಬೇಕು. ಬೀಗರು ಹೊಸ ತಮಾಷೆಗಳನ್ನು ಕೂಡಿಟ್ಟುಕೊಂಡು ಬರುತ್ತಿದ್ದಾರೆ.

ತಮ್ಮ ಕೈಚಳಕವನ್ನು ದಿನಕ್ಕೆರಡು ಬಾರಿ ಉಜ್ಜುತ್ತಾ ನೆನೆಯುವ,
ತಮ್ಮ ವಿಶ್ವಾಸಿ,
ಮಾ ಸುನಿಮ್

ತಾ.ಕ.: ಮದುವೆಯ ಫೋಟೋಗೆ ಮುಂಚೆ ಒಸಡು ಸರಿಮಾಡಿಸಿಕೊಳ್ಳಲು ಹೆರಾನ್ ಎಂಬ ಹುಡುಗಿ ಬರುವ ಮಂಗಳವಾರಕ್ಕೆ ತಮ್ಮಲ್ಲಿ ಹೆಸರು ಬರೆಸಿದ್ದಾಳೆಂದು ಇಂದು ಬೆಳಿಗ್ಗೆ ತಿಳಿಯಿತು. ಅವಳಿಗೆ ಆ ನಾಚಿಕೆ ಕಲಿಸಿದವಳು ನಾನೇ, ಅದಕ್ಕೆ ತಾವು ಹೊಣೆಯಲ್ಲ. ಆದರೆ ಅವಳು ಬಾಯಿ ತೆರೆದಾಗ ತಾವು ಒಳಗೆ ಇಣುಕಿ, "ಇಲ್ಲಿ ಹೆಚ್ಚಿನದೇನೂ ಇಲ್ಲ, ಮನೆಗೆ ಹೋಗಮ್ಮಾ" ಎಂದು ಹೇಳಿ ಕಳಿಸತಕ್ಕದ್ದು. ನಾನು ಹೇಳಿದರೆ ಅವಳು ಕೇಳುವುದಿಲ್ಲ, ಬಿಳಿ ಅಂಗಿಯವರು ಹೇಳಿದರೆ ಕೇಳಿಯಾಳು. ಮುಟ್ಟಿದಿರೋ, ಪಟ್ಟಿಯಿಲ್ಲದ ಕಣ್ಣು ಬಿಟ್ಟುಕೊಂಡು ತಮ್ಮ ಜಾಹೀರಾತಿನ ಪಕ್ಕದಲ್ಲೇ ಒಲೆ ಹೂಡಿ, ಕೇಳಿದವರಿಗೂ ಕೇಳದವರಿಗೂ ಈ ಕಥೆ ಹೇಳುತ್ತೇನೆ.