ಷಡ್ಡಕರ ಜೊತೆ ಬಾಸ್ಕ್ ಊಟ

ಹೋಟೆಲಿನ ಮೆನು ಕಾರ್ಡ್ ನೋಡಿ ಬೆವರುವ ಪೈಕಿ ನಾನಲ್ಲ. ದರ್ಶಿನಿಯ ಬೋರ್ಡಿರಲಿ, ದೊಡ್ಡ ಹೋಟೆಲಿನವರು ಕೈಗಿಡುವ ದಪ್ಪ ರಟ್ಟಿನ ಪುಸ್ತಕವಿರಲಿ, ಒಂದೇ ಧೈರ್ಯದಿಂದ ತೆರೆಯುತ್ತೇನೆ. ಅರ್ಥವಾಗದಿದ್ದರೆ ಗಂಭೀರವಾಗಿ ತಲೆಯಾಡಿಸಿ, "ನಿಮ್ಮಲ್ಲಿ ಯಾವ್ದು ಚೆನ್ನಾಗಿರುತ್ತೆ?" ಎಂದು ಮಾಣಿಯನ್ನೇ ವಿಚಾರಿಸುತ್ತೇನೆ. ನನ್ನ ನಾಲಿಗೆಯ ಮೇಲೆ ನನಗೆ ಅಷ್ಟು ನಂಬಿಕೆ. ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೂ ಮೊದಲ ತುತ್ತಿಗೇ ಹೇಳಬಲ್ಲೆ. ಹೇಳಿಯೂ ಹೇಳುತ್ತಿದ್ದೆ. ಎಲ್ಲ ಸರಿಯಿದ್ದ ದಿನವೂ ಬಾಯಿ ಸುಮ್ಮನಿರುತ್ತಿರಲಿಲ್ಲ. "ಚೆನ್ನಾಗಿದೆ ಉಷಾ, ಆದ್ರೆ ನಿಮ್ಮಕ್ಕನ ಕೈರುಚಿನೇ ಬೇರೆ" ಎನ್ನುತ್ತಿದ್ದೆ. ವಿಮರ್ಶೆಯಿಲ್ಲದೆ ಯಾವ ಕಲೆಯೂ ಬೆಳೆಯುವುದಿಲ್ಲ ಎಂಬುದು ನನ್ನ ನಿಲುವು. ಅಡುಗೆಮನೆಯೊಳಕ್ಕೆ ಮಾತ್ರ ಕಾಲಿಡುತ್ತಿರಲಿಲ್ಲ. ವಿಮರ್ಶಕನಾದವನು ಸ್ವಲ್ಪ ದೂರದಲ್ಲಿರಬೇಕು. ಭಾನುವಾರದ ಬೆಳಗ್ಗೆ ವರಾಂಡದ ಬೆತ್ತದ ಕುರ್ಚಿ, ಪೇಪರು, ಎರಡನೇ ಲೋಟ ಕಾಫಿ, ಒಳಗಿನಿಂದ ತೇಲಿ ಬರುವ ಒಗ್ಗರಣೆಯ ಘಮ, ಇಷ್ಟೇ ನಾನು ಬಾಳಿನಲ್ಲಿ ಸಂಪಾದಿಸಿದ ಸುಖ. ಅದು ಕೈತಪ್ಪಿ ಹೋದ ಕಥೆಯನ್ನೇ ನಿಮಗೆ ಹೇಳಬೇಕಾಗಿದೆ.

ಇದಕ್ಕೆ ಮೂಲ ನನ್ನ ಷಡ್ಡಕರು, ಎಂದರೆ ಉಷಾಳ ಅಕ್ಕ ಪದ್ಮಕ್ಕನ ಯಜಮಾನರಾದ ವಾಸುದೇವರಾಯರು. ಒಂದೇ ಮನೆಯ ಅಳಿಯಂದಿರ ನಡುವೆ ಜಗಳವೇನೂ ಇರುವುದಿಲ್ಲ. ನಾನು ಸ್ಕೂಟರ್ ಕೊಂಡೆ, ಅವರು ಕಾರು ಕೊಂಡರು, ಅಷ್ಟೆ. ನಾನು ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಬಂದು, "ಪರ್ವಾಗಿಲ್ಲ, ಗಾಳಿ ಚೆನ್ನಾಗಿದೆ, ಸ್ವಲ್ಪ ದೂರ ಆಯ್ತು" ಎಂದು ಹೇಳಿ, ಪಾಯಸವನ್ನು ಮಾತ್ರ ಮತ್ತೆ ಮತ್ತೆ ಬಡಿಸಿಕೊಂಡು ಜಯನಗರಕ್ಕೆ ವಾಪಸಾದವರು ಅವರು. ಸಿಂಗಪುರಕ್ಕೊಮ್ಮೆ ಹೋಗಿ ಬಂದ ಮೇಲಂತೂ ಉಪ್ಪಿಟ್ಟನ್ನೂ ಫೋರ್ಕಿನಲ್ಲೇ ತಿನ್ನುತ್ತಾರೆ. ಅಂಥವರು ಒಂದು ದಿನ ಫೋನ್ ಮಾಡಿ, "ನಮ್ಮ ಮನೆ ಹತ್ರಾನೇ ಹೊಸದಾಗಿ ಬಾಸ್ಕ್ ರೆಸ್ಟೋರೆಂಟ್ ಶುರುವಾಗಿದೆ. ನಮ್ಮ ಆನಿವರ್ಸರಿ, ಶನಿವಾರ ಮಧ್ಯಾಹ್ನ ಇಬ್ರೂ ಬಂದ್ಬಿಡಿ. ಬಾಸ್ಕ್ ಅಂದ್ರೆ ಗೊತ್ತಲ್ಲ?" ಎಂದರು. "ಗೊತ್ತಿಲ್ದೆ ಏನು!" ಎಂದೆ. ಗೊತ್ತಿರಲಿಲ್ಲ. ಅದೇ ಸಂಜೆ ಸೈಬರ್ ಕೆಫೆಯಲ್ಲಿ ಕುಳಿತು, ಅದು ಸ್ಪೇನು ಮತ್ತು ಫ್ರಾನ್ಸಿನ ಗಡಿಯ ನಾಡು, ಊಟಕ್ಕೆ ಬಹಳ ಹೆಸರಾದದ್ದು ಎಂಬುದನ್ನೆಲ್ಲ ಓದಿಕೊಂಡೆ. ಜೊತೆಗೆ ಇನ್ನೊಂದು ಸ್ವಾರಸ್ಯದ ಸಂಗತಿಯೂ ಸಿಕ್ಕಿತು. ಷಡ್ಡಕರ ಬಾಯಿ ಮುಚ್ಚಿಸಲು ಇದೇ ಸಾಕು ಎಂದು ಅದನ್ನು ಜೋಪಾನವಾಗಿ ಇಟ್ಟುಕೊಂಡೆ.

ಹಳೆಯ ಬಂಗಲೆಯೊಂದನ್ನು ಹೋಟೆಲು ಮಾಡಿದ್ದರು. ಮಟಮಟ ಮಧ್ಯಾಹ್ನವೂ ಪರದೆ ಎಳೆದು ಮೇಣದಬತ್ತಿ ಹಚ್ಚಿದ್ದರು. ನಾವು ಸಸ್ಯಾಹಾರಿಗಳೆಂದ ಮೇಲೆ ದಪ್ಪ ಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ಬೇಯಿಸಿದ ಒಂದು ಪದಾರ್ಥವನ್ನು ಬ್ರೆಡ್ಡಿನೊಂದಿಗೆ ತಂದಿಟ್ಟರು. ನೋಡಲು ನಮ್ಮ ಗೊಜ್ಜು. ಬೆಲ್ಲ ಹಾಕುವುದನ್ನು ಮರೆತಿದ್ದರು. ವಾಸುದೇವರಾಯರು ಫೋರ್ಕ್ ಎತ್ತಿ, "ಸಿಂಗಪುರದಲ್ಲಿ..." ಎಂದು ಶುರುಮಾಡುವಷ್ಟರಲ್ಲಿ ನಾನು ನನ್ನ ಸಂಗತಿಯನ್ನು ಬಿಚ್ಚಿದೆ.

"ಬಾಸ್ಕ್ ನಾಡಲ್ಲಿ ಅಡಿಗೆ ಅಂದ್ರೆ ಗಂಡಸರ ಹೆಮ್ಮೆ, ವಾಸು ಅವರೇ. ಊರೂರಲ್ಲೂ ಗಂಡಸರ ಅಡಿಗೆ ಸಂಘ ಇದೆ. ತಾವೇ ಹೆಚ್ಚಿ, ತಾವೇ ಬೇಯ್ಸಿ, ತಾವೇ ಬಡಿಸ್ತಾರೆ. ಹಿಂದೆಲ್ಲ ಹೆಂಗಸರನ್ನ ಸಂಘದ ಅಡಿಗೆಮನೆ ಒಳಗೇ ಬಿಡ್ತಿರ್ಲಿಲ್ವಂತೆ!"

ಷಡ್ಡಕರ ಫೋರ್ಕ್ ಗಾಳಿಯಲ್ಲೇ ನಿಂತಿತು. ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ಏನೋ ಬಡಿಯಿತು. ಹೊಟ್ಟೆಕಿಚ್ಚು ಎಂದುಕೊಂಡೆ.

"ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದಳು ಉಷಾ. ಅವಳು ನನ್ನ ಮಾತನ್ನು ಇಷ್ಟು ಆಸಕ್ತಿಯಿಂದ ಕೇಳಿ ಎಷ್ಟೋ ಕಾಲವಾಗಿತ್ತು. ಉತ್ಸಾಹದಿಂದ ಇನ್ನೊಂದು ಸಲ ಹೇಳಿದೆ.

"ಪಾತ್ರೆ ತೊಳೆಯೋದು?" ಎಂದು ಪದ್ಮಕ್ಕ ಕೇಳಿದರು.

ಅದರ ಬಗ್ಗೆ ನಾನು ಓದಿರಲಿಲ್ಲ. ಆದರೆ ತಿಳಿದವನು ತಡವರಿಸಬಾರದು. "ಎಲ್ಲಾ ಅವರೇ" ಎಂದೆ.

ಆ ನಾಡಿಗೆ ಹೋಗಿ ಕೆಲಸ ಕಲಿತು ಬಂದಿದ್ದ ಷೆಫ್ ನಮ್ಮ ಕನ್ನಡದವರೇ. ಮಾತು ಕಿವಿಗೆ ಬಿದ್ದು ಹತ್ತಿರ ಬಂದು, "ಸಾರ್ ಹೇಳಿದ್ದು ಕರೆಕ್ಟ್ ಮೇಡಂ. ನಾನೂ ಅಂಥ ಸಂಘಕ್ಕೆ ಹೋಗಿದೀನಿ. ಇಷ್ಟು ತಿಳ್ಕೊಂಡು ಬರೋ ಕಸ್ಟಮರ್ ಅಪರೂಪ" ಎಂದರು. ನನ್ನ ಎದೆ ಉಬ್ಬಿತು.

ಕೊನೆಗೆ ಚೀಸ್ ಕೇಕ್ ಬಂತು. ಕೇಕಿನೊಳಗಿನ ಮೊಟ್ಟೆ ನಮ್ಮ ಮನೆಗಳಲ್ಲಿ ಲೆಕ್ಕಕ್ಕಿಲ್ಲ. ಆದರೆ ಅದರ ನೆತ್ತಿ ಕಪ್ಪಗಾಗಿತ್ತು. "ಸೀದ್ಹೋಗಿದೆ" ಎಂದಳು ಉಷಾ. "ಸೀದಿಲ್ಲ ಕಣೇ, ಅದು ಹಾಗೇ ಇರ್ಬೇಕು. ಅದೇ ವಿಶೇಷ" ಎಂದು ತಿಳಿಹೇಳಿದೆ. "ಓಹೋ! ಹಬ್ಬದ ದಿನ ನನ್ನ ಹೋಳಿಗೆ ಅಂಚು ಕಪ್ಪಾಗಿದ್ದಕ್ಕೆ ತಟ್ಟೆ ಪಕ್ಕಕ್ಕೆ ಸರಿಸಿದ್ರಲ್ಲ, ಅದೂ ವಿಶೇಷಾನೇ ಆಗಿತ್ತು" ಎಂದಳು. ಕೇಕು ನಿಜವಾಗಿಯೂ ಚೆನ್ನಾಗಿತ್ತು. ತಲೆ ಎತ್ತದೆ ತಿಂದೆ.

ಮರುದಿನ ಬೆಳಗ್ಗೆ ಪೇಪರ್ ಬಿಡಿಸುವ ಮೊದಲೇ ಗೇಟಿನ ಮುಂದೆ ಷಡ್ಡಕರ ಕಾರು ನಿಂತಿತು. ಪದ್ಮಕ್ಕನ ಕೈಯಲ್ಲಿ ಒಂದು ಚೀಲ ದಪ್ಪ ಮೆಣಸಿನಕಾಯಿ, ಹಿಂದೆ ವಾಸುದೇವರಾಯರ ಬಾಡಿದ ಮುಖ. "ಸಂಘದ ಉದ್ಘಾಟನೆ ನಮ್ಮನೇಲೇ ಆಗ್ಲಿ ಅಂತ ನಾನೇ ರಾತ್ರಿ ಫೋನ್ ಮಾಡಿದ್ದೆ" ಎಂದು ಉಷಾ ನನ್ನ ಕೈಯಿಂದ ಪೇಪರ್ ತೆಗೆದುಕೊಂಡು ಬೆತ್ತದ ಕುರ್ಚಿಯಲ್ಲಿ ಕುಳಿತಳು. ಅಕ್ಕನಿಗೆ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿದಳು. ಒಳಗೆ ನಾವಿಬ್ಬರೂ ಸಾಸಿವೆ ಡಬ್ಬಿ ಹುಡುಕುತ್ತ ನಿಂತೆವು. "ಅದಕ್ಕೇ ಕಣ್ರೀ ನಾನು ಕಾಲಲ್ಲಿ ಒದ್ದಿದ್ದು!" ಎಂದು ಷಡ್ಡಕರು ಪಿಸುಗುಟ್ಟಿದರು. ಅವರನ್ನು ಕಂಡು ಮೊದಲ ಬಾರಿಗೆ ಅಯ್ಯೋ ಅನ್ನಿಸಿತು.

ಒಂದು ಭಾನುವಾರ ನಮ್ಮಲ್ಲಿ, ಮುಂದಿನದು ಅವರಲ್ಲಿ ಎಂದು ಸಂಘ ಇಂದಿಗೂ ನಡೆಯುತ್ತಿದೆ. ಪಾತ್ರೆಯೂ ನಮ್ಮದೇ. ಅಯ್ಯೋ ಅನ್ನಿಸಿದ್ದು ಹೆಚ್ಚು ದಿನ ಉಳಿಯಲಿಲ್ಲ. ಷಡ್ಡಕರು ಬೇಗ ಕಲಿತುಬಿಟ್ಟರು. ಅವರ ಗೊಜ್ಜಿನ ಹದ ನನ್ನ ನಿದ್ದೆ ಕೆಡಿಸಿತು. ಬಿಡುವುದುಂಟೆ? ಉಷಾ ಮನೆಯಲ್ಲಿಲ್ಲದ ದಿನ ಆಫೀಸಿಗೆ ರಜೆ ಹಾಕಿ ಕದ್ದುಮುಚ್ಚಿ ಅಭ್ಯಾಸ ಮಾಡಿದೆ. ಹೋದ ವಾರ ನನ್ನ ಸರದಿ. ಸಾರು ನಾನು ಬಯಸಿದ ಹಾಗೇ ಕುದಿದು ಬಂದಿತ್ತು. ಬಡಿಸಿ, ಸೌಟು ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತೆ. ಉಷಾ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು.

"ಚೆನ್ನಾಗಿದೆ ರೀ."

ನಾನು ಅರಳುವಷ್ಟರಲ್ಲಿ ಕಣ್ಣು ತೆರೆದಳು. "ಆದ್ರೆ ಭಾವನ ಕೈರುಚಿನೇ ಬೇರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಒಲೆಯ ಮುಂದೆ ನಿಂತು ಬೇಯುವವರ ಕಷ್ಟ ಕೂತು ತಿನ್ನುವವರಿಗೆ ಏನು ಗೊತ್ತು ಎಂದು ಕೇಳಲು ಬಾಯಿ ತೆರೆದೆ. ಯಾರನ್ನು ಕೇಳುತ್ತಿದ್ದೇನೆ ಎಂಬುದು ಸದ್ಯ ಅಷ್ಟರಲ್ಲಿ ಹೊಳೆಯಿತು. ತೆರೆದ ಬಾಯಿ ಹಾಗೇ ಮುಚ್ಚಿ, ಇನ್ನೊಂದು ಸೌಟು ಸಾರು ಬಡಿಸಿದೆ.