ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಕರಗಿದ ಪಾಠ

ಪಾಠ ಹೇಳುವವರಿಗೆ ಮಕ್ಕಳಿಂದಲೇ ತೊಂದರೆ ಎಂದು ಜನ ತಿಳಿದಿದ್ದಾರೆ. ಮಕ್ಕಳೇನು, ಗದರಿದರೆ ಸ್ವಲ್ಪ ಹೊತ್ತಾದರೂ ಸುಮ್ಮನಿರುತ್ತಾರೆ. ವಸ್ತುಗಳು ಹಾಗಲ್ಲ. ಎದುರಿಗಿರುವವಳು ಬಿ.ಎಡ್. ಮಾಡಿದ್ದಾಳೆ ಎಂಬ ಮರ್ಯಾದೆಯೂ ಅವಕ್ಕಿಲ್ಲ.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಹೊಸದಾಗಿ ಕೆಮಿಸ್ಟ್ರಿ ಟೀಚರ್ ಆಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರು ನನ್ನ ಪಾಠ ನೋಡಲು ಬರುತ್ತಾರೆ, ಅವರು ಮೆಚ್ಚಿದರೆ ಕಾಯಂ ಎಂದು ಹೆಡ್‌ಮಿಸ್ಟ್ರೆಸ್ ಕಮಲಮ್ಮನವರು ತಿಳಿಸಿದರು. ವಸ್ತುವಿನ ಮೂರು ಸ್ಥಿತಿಗಳ ಪಾಠ. ಬೋರ್ಡಿನ ಮೇಲೆ ಬರೆದು ಮುಗಿಸಬಹುದಿತ್ತು. ಆದರೆ ಹೊಸ ಹುರುಪು ನೋಡಿ, ಮಂಜುಗಡ್ಡೆಯನ್ನೇ ತಂದು ತೋರಿಸಬೇಕೆಂದು ಹಟ ಹಿಡಿದೆ. ನಮ್ಮ ಸ್ಕೂಲಿನಲ್ಲಾಗಲಿ ಮನೆಯಲ್ಲಾಗಲಿ ಫ್ರಿಜ್ ಎಲ್ಲಿಯದು? ನಮ್ಮ ಯಜಮಾನರು ಬೆಳಗ್ಗೆಯೇ ವಿಜಯನಗರದ ಐಸ್‌ಕ್ಯಾಂಡಿ ಕಾರ್ಖಾನೆಗೆ ಹೋಗಿ, ಒಂದು ಗಡ್ಡೆಯನ್ನು ಗೋಣಿಚೀಲದಲ್ಲಿ ಮರದ ಹೊಟ್ಟು ತುಂಬಿ ಸುತ್ತಿಸಿಕೊಂಡು, ಸೈಕಲ್ಲಿನ ಹಿಂದೆ ಕಟ್ಟಿ ತಂದರು. ದಾರಿಯುದ್ದಕ್ಕೂ ನೀರು ಸುರಿದು ಅವರ ಪ್ಯಾಂಟು ಒದ್ದೆಯಾಗಿತ್ತು. "ಬೇಗ ಪಾಠ ಶುರು ಮಾಡು ಕಣೇ," ಎಂದಷ್ಟೇ ಹೇಳಿ ಹೊರಟರು.

ಶುರು ಮಾಡುವುದು ನನ್ನ ಕೈಯಲ್ಲಿತ್ತೇ? ಇನ್ಸ್‌ಪೆಕ್ಟರು ಕಮಲಮ್ಮನವರ ರೂಮಿನಲ್ಲಿ ತಿಂಡಿಗೆ ಕುಳಿತಿದ್ದರು. ನಾನು ಮೇಜಿನ ಮೇಲಿನ ಬೇಸಿನ್ನು ನೋಡುವುದು, ಬಾಗಿಲು ನೋಡುವುದು. ಗಡ್ಡೆ ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಗೋಲಿಯಷ್ಟಾಯಿತು. ಮಕ್ಕಳು ಕತ್ತು ಚಾಚಿ ಅದನ್ನೇ ನೋಡುತ್ತಿದ್ದರು. ಇಷ್ಟು ಗಮನವನ್ನು ಅವರು ನನಗೆ ಎಂದೂ ಕೊಟ್ಟಿರಲಿಲ್ಲ. ಕೊನೆಗೆ ಇನ್ಸ್‌ಪೆಕ್ಟರು ಕಮಲಮ್ಮನವರೊಡನೆ ಒಳಗೆ ಬಂದಾಗ ಬೇಸಿನ್ನಿನಲ್ಲಿ ಬರೀ ನೀರಿತ್ತು.

"ಘನವಸ್ತು ಎಲ್ಲಿ ಮೇಡಂ?" ಎಂದು ಅವರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಸುಲೋಚನಾ ಎದ್ದು ನಿಂತಳು. "ನೀವು ಕಾಫಿ ಕುಡೀತಿದ್ದಾಗ ಇತ್ತು ಸಾರ್."

ಕಮಲಮ್ಮನವರು ನನ್ನತ್ತ ನೋಡಿದ ನೋಟದಲ್ಲಿ ನನ್ನ ಕೆಲಸ ಹೋಗಿಯೇಬಿಟ್ಟಿತ್ತು. ಇನ್ಸ್‌ಪೆಕ್ಟರು ಮಾತ್ರ ಅವಳ ಹತ್ತಿರ ಹೋದರು. "ಸರಿ ಕಣಮ್ಮ. ಅನಿಲ ಕಣ್ಣಿಗೇ ಕಾಣಲ್ಲವಲ್ಲ, ಅದು ಎಲ್ಲ ಕಡೆ ಹರಡುತ್ತೆ ಅಂತ ಹೇಗೆ ಹೇಳ್ತೀಯ?"

"ನೀವು ರೂಮಿನ ಬಾಗಿಲು ಹಾಕ್ಕೊಂಡಿದ್ರಿ ಸಾರ್. ಆದ್ರೂ ಈರುಳ್ಳಿ ಬಜ್ಜಿ ವಾಸನೆ ಇಲ್ಲೀತನಕ ಬಂತು."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಕ್ಕಳು ಬಹಳ ಚುರುಕು ಎಂದು ಎಲ್ಲರೆದುರಿಗೇ ಹೊಗಳಿದರು. ತಿಂಗಳು ತುಂಬುವುದರೊಳಗೆ ನನ್ನ ಕೆಲಸ ಕಾಯಂ ಆಯಿತು.

ಇನ್ಸ್‌ಪೆಕ್ಟರು ಬಂದುಹೋದ ದಿನದ ಸಂಜೆಯಂತೂ ನಾನು ಮನೆಯಲ್ಲಿ ಈ ಕಥೆಯನ್ನು ಅಡುಗೆಮನೆಯಿಂದ ಹಜಾರದವರೆಗೆ ಓಡಾಡುತ್ತಾ ಹೇಳಿದೆ. ನಮ್ಮ ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು.

"ಹುಡುಗೀರು ಜಾಣೇರು ಅಂದ್ರಲ್ಲ, ಸಂತೋಷ. ಅಲ್ಲಮ್ಮ, ನೀನು ಯಾವಾಗ ಪಾಠ ಮಾಡಿದೆ?"

ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.